ಜಾಲಿಸಿದ ನೀರು

ಫೆಬ್ರವರಿ 3, ಸೋಮವಾರ

ಅಣ್ಣ ಇವತ್ತು ಬೇರೆ ಲಾಂಡ್ರಿ ಮಾಡಲು ಮೇಲಿನ ಸೇತುವೆಯ ಹತ್ತಿರಕ್ಕೆ ಹೊರಟುಹೋದ. ಇದ್ದ ಎರಡು ಒಗೆಯುವ ಮೆಷಿನ್‌ಗಳಲ್ಲಿ ಹೊಸದನ್ನು ಟೆಂಪೋಗೆ ಹಾಕಿಸಿಕೊಂಡ. ಲಾಡ್ಜಿನ ಬಟ್ಟೆಯೂ ಇನ್ನು ಅವನದೇ. ಹಳೆಯ ಮೆಷಿನ್, ನರ್ಸಿಂಗ್ ಹೋಮಿನ ಹೊದಿಕೆಗಳು, ಸುತ್ತಲ ಮನೆಗಳ ಬಿಡಿ ಬಟ್ಟೆ ನನ್ನ ಪಾಲಿಗೆ. ಅತ್ತಿಗೆ ಟೆಂಪೋದ ಮುಂದಿನ ಸೀಟಿನಲ್ಲಿ ಗೋಡೆ ಗಡಿಯಾರವನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದರು. ನನ್ನ ಕಡೆ ನೋಡಬಾರದೆಂದು ಅದನ್ನೇ ನೋಡುತ್ತಿದ್ದರು.

ಇದು ಅಪ್ಪ ಶುರು ಮಾಡಿದ ಲಾಂಡ್ರಿ. ಅಪ್ಪ ತೀರಿಕೊಂಡ ಮೇಲೆ ನಾವಿಬ್ಬರೂ ನಡೆಸಿಕೊಂಡು ಬಂದೆವು. ನಾವಿಬ್ಬರು ಎನ್ನುವುದು ಬಾಯಿಮಾತು. ನಡೆಸಿದವನು ಅಣ್ಣ, ಹೇಳಿದ್ದನ್ನು ಮಾಡಿದವಳು ನಾನು.

ಜಗಳ ಆದದ್ದು ನೀರಿಗೆ. ಕುಡಿಯುವ ನೀರಿಗೂ ಅಲ್ಲ, ಒಗೆದು ಚೆಲ್ಲುವ ನೀರಿಗೆ. ಹೋದ ತಿಂಗಳು ಮಾಲಿನ್ಯ ನಿಯಂತ್ರಣದ ಕಚೇರಿಯಿಂದ ತಪಾಸಣೆಗೆ ಒಬ್ಬರು ಮೇಡಂ ಬಂದಿದ್ದರು. ನಮ್ಮ ಪೈಪು ಹಿತ್ತಲ ಹಿಂದಿನ ಹಳ್ಳಕ್ಕೆ ಬೀಳುವ ಜಾಗದಲ್ಲಿ ಒಂದು ಗಾಜಿನ ಲೋಟದ ತುಂಬ ನೀರು ಹಿಡಿದು ತಂದು ಇಸ್ತ್ರಿ ಮೇಜಿನ ಮೇಲಿಟ್ಟರು. "ಜುಲೈ ಮುಗಿಯೋದರೊಳಗೆ ಇದನ್ನ ಸರಿ ಮಾಡ್ಕೊಳ್ಳಿ. ಇಲ್ಲಾಂದ್ರೆ ಬೀಗ ಹಾಕಬೇಕಾಗುತ್ತೆ" ಎಂದರು. ಹೇಗೆ ಎಂಬುದನ್ನೂ ಹೇಳಿಕೊಟ್ಟರು. ಹಿತ್ತಲಲ್ಲಿ ಸಾಲಾಗಿ ಮೂರು ಗುಂಡಿ ತೋಡಬೇಕು. ಮೊದಲನೆಯದರಲ್ಲಿ ಕೊಳೆ ತಳಕ್ಕಿಳಿಯುತ್ತದೆ. ಎರಡನೆಯದಕ್ಕೆ ಜಲ್ಲಿ ತುಂಬಿ ಜೊಂಡು ನೆಟ್ಟರೆ, ಅದರ ಬೇರಿನ ಸುತ್ತ ಹುಟ್ಟುವ ಕಣ್ಣಿಗೆ ಕಾಣದ ಜೀವಿಗಳು ಸೋಪಿನ ಅಂಶವನ್ನು ತಿಂದುಬಿಡುತ್ತವೆ. ಮೂರನೆಯದಕ್ಕೆ ತಿಳಿನೀರು ಬರುತ್ತದೆ.

ಅಣ್ಣನ ಯೋಚನೆ ಬೇರೆ. ಆ ಜಾಗದಲ್ಲಿ ಮೂರನೇ ಮೆಷಿನ್ ಇಡಬೇಕು, ಪೈಪನ್ನು ಮೋರಿಯ ಆಚೆಗೆ ಎಳೆದುಬಿಟ್ಟರೆ ನೊರೆ ಯಾರ ಕಣ್ಣಿಗೂ ಬೀಳುವುದಿಲ್ಲ ಎಂದ. ಮೇಜಿನ ಮೇಲಿದ್ದ ಆ ಲೋಟವನ್ನು ನಾನು ಮಾರನೇ ದಿನ ನೋಡಿದೆ. ನೀರು ಬೂದುಬಣ್ಣಕ್ಕೆ ತಿರುಗಿ ಹಾಗೇ ಇತ್ತು. ಬೆರಳಾಡಿಸಿದರೆ ಮತ್ತೆ ನೊರೆ ಎದ್ದಿತು. ಗುಂಡಿ ತೋಡಿಸೋಣ ಎಂದೆ. "ನೀನು ಯಾವಾಗಿಂದ ಯಜಮಾನಿ ಆದೆ?" ಎಂದ ಅಣ್ಣ. ಎಂದಿನಂತೆ ಸುಮ್ಮನಾಗಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಈ ಸಲ ಏಕೋ ಮಾತು ಹಿಂದೆ ತೆಗೆದುಕೊಳ್ಳಲಿಲ್ಲ.

ಸಿಟ್ಟು ಇಳಿದ ಮೇಲೆ ಬರುತ್ತಾನೆ. ಅಲ್ಲಿಯವರೆಗೆ ಹೇಗೋ ಸಂಭಾಳಿಸಿದರೆ ಸಾಕು.

ಫೆಬ್ರವರಿ 6, ಗುರುವಾರ

ಬೆಳಿಗ್ಗೆ ಮರೆತು ಮೂರು ಲೋಟ ಚಹಾ ಮಾಡಿದೆ. ಮೂರನ್ನೂ ನಾನೇ ಕುಡಿದು ಮಧ್ಯಾಹ್ನದವರೆಗೆ ಎದೆಯುರಿ.

ಕೆಳಗೆ ಲಾಂಡ್ರಿ, ಮೇಲೆ ಎರಡು ಕೋಣೆಯ ಮನೆ. ಮೆಷಿನ್ ನಿಂತ ಮೇಲೆ ಮನೆ ಇಷ್ಟು ನಿಶ್ಶಬ್ದವಾಗಿರುತ್ತದೆ ಎಂದು ಗೊತ್ತಿರಲಿಲ್ಲ. ಅಣ್ಣ ಅತ್ತಿಗೆ ಹೆಚ್ಚು ಮಾತಾಡುವವರೇನಲ್ಲ. ಆದರೂ ಪಕ್ಕದ ಕೋಣೆಯಲ್ಲಿ ಯಾರಾದರೂ ಕೆಮ್ಮುತ್ತಿದ್ದರು.

ಇಸ್ತ್ರಿ ಅಕ್ಕ ಮಾತ್ರ ಬಿಟ್ಟುಹೋಗಿಲ್ಲ. ಅಪ್ಪನ ಕಾಲದಿಂದ ಇಲ್ಲಿ ಇಸ್ತ್ರಿ ಮಾಡುತ್ತಿರುವವರು. ಅಣ್ಣ ಕರೆದನಂತೆ. "ಅಷ್ಟು ದೂರ ನಡೆಯೋಕೆ ನನ್ನ ಮಂಡಿ ಒಪ್ಪಲ್ಲ ಅಂದೆ. ನಿನ್ನ ಮೇಲೆ ಪ್ರೀತಿ ಉಕ್ಕಿ ಉಳಿದೆ ಅಂತ ತಿಳ್ಕೋಬೇಡ" ಎಂದರು. ನಾನು ಹಾಗೆ ತಿಳಿದುಕೊಂಡಿದ್ದೆ.

ಫೆಬ್ರವರಿ 20, ಗುರುವಾರ

ಗುಂಡಿ ತೋಡುವವರು ಮೂರನೆಯದನ್ನು ಅರ್ಧಕ್ಕೇ ಬಿಟ್ಟು ಬೇರೆ ಕೆಲಸಕ್ಕೆ ಹೋದರು. ಮಿಕ್ಕಿದ್ದನ್ನು ನಾನೇ ತೋಡಿದೆ. ಅಂಗೈ ತುಂಬ ಬೊಬ್ಬೆ.

ಜೊಂಡು ತರಲು ಇಸ್ತ್ರಿ ಅಕ್ಕನ ಜೊತೆ ಕೆಳಗಿನ ಕೆರೆಗೆ ಹೋಗಿದ್ದೆ. ಬೇರಿನ ಸಮೇತ ಬರಲಿ ಎಂದು ಎರಡೂ ಕೈಯಲ್ಲಿ ಹಿಡಿದು ಎಳೆದೆ. ಅದು ಬಂತು, ನಾನು ಹಿಂದಕ್ಕೆ ಹೋಗಿ ಕೆಸರಿನಲ್ಲಿ ಕೂತೆ. ಅಕ್ಕ ಕೈ ಕೊಡಲು ಬರಲಿಲ್ಲ. ದಡದ ಮೇಲೆ ನಿಂತು ನಕ್ಕು ನಕ್ಕು ಕಣ್ಣೊರೆಸಿಕೊಂಡರು. "ಒಗೆಯೋಕೆ ಹೇಗೂ ನಿನ್ನದೇ ಅಂಗಡಿ ಇದೆ, ಇನ್ನೊಂದು ಸಲ ಬೀಳು" ಎಂದರು.

ಅವರು ಹೊರಟ ಮೇಲೆ ಒಬ್ಬಳೇ ನೆಟ್ಟೆ. ಅಣ್ಣ ಬಂದಾಗ ಇದನ್ನು ನೋಡಿ ಏನನ್ನುತ್ತಾನೋ. ಸಾಲು ಸೊಟ್ಟಗಿದೆ ಎನ್ನುತ್ತಾನೆ. ಸೊಟ್ಟಗೇ ಇದೆ.

ಮಾರ್ಚ್ 5

ಜೊಂಡೆಲ್ಲ ಹಳದಿ. ಒಂದೂ ಉಳಿಯುವ ಹಾಗೆ ಕಾಣುತ್ತಿಲ್ಲ. ಬರೆಯಲು ಮನಸ್ಸಿಲ್ಲ.

ಮಾರ್ಚ್ 16, ಭಾನುವಾರ

ಮೇಡಂ ಹೇಳಿದ್ದ ಇನ್ನೊಂದು ಕೆಲಸವನ್ನು ಈ ವಾರ ಶುರು ಮಾಡಿದೆ. ಬಟ್ಟೆಯನ್ನು ಕೊನೆಯ ಸಲ ಜಾಲಿಸಿದ ನೀರು ಬಹುಪಾಲು ಚೊಕ್ಕಟವೇ. ಅದನ್ನು ಚೆಲ್ಲದೆ ದೊಡ್ಡ ಡ್ರಮ್ಮಿನಲ್ಲಿ ಹಿಡಿದಿಟ್ಟು ಮುಂದಿನ ಲೋಡಿನ ಮೊದಲ ಒಗೆತಕ್ಕೆ ಹಾಕುವುದು. ನರ್ಸಿಂಗ್ ಹೋಮಿನ ಬಟ್ಟೆಗೆ ಮಾತ್ರ ಹಾಗಿಲ್ಲ, ಅದಕ್ಕೆ ಬಿಸಿನೀರು, ಹೊಸ ನೀರು. ಸೋಪಿನ ಪುಡಿಯನ್ನೂ ಅಳತೆಗೆ ತಂದೆ. ಅಣ್ಣ ಕೈಗೆ ಬಂದಷ್ಟು ಸುರಿಯುತ್ತಿದ್ದ. ನೊರೆ ಉಕ್ಕಿದಷ್ಟೂ ಗಿರಾಕಿಗೆ ನಂಬಿಕೆ ಎನ್ನುತ್ತಿದ್ದ.

ಗುರುವಾರ ನರ್ಸಿಂಗ್ ಹೋಮಿನ ಮೇಟ್ರನ್ ಖುದ್ದಾಗಿ ಬಂದರು. ಒಂದು ಹೊದಿಕೆಯನ್ನು ಮೂಗಿಗೆ ಹಿಡಿದು, "ವಾಸನೆಯೇ ಇಲ್ಲವಲ್ಲ" ಎಂದರು.

"ಕೊಳೆ ವಾಸನೆ ಏನಾದ್ರೂ ಇದೆಯಾ?"

"ಅದಿಲ್ಲ. ಮೊದಲು ಬರ್ತಿತ್ತಲ್ಲ, ಹೂವಿನ ಥರ, ಅದೂ ಇಲ್ಲ. ಒಗೆದಿದ್ದೀರೋ ಇಲ್ಲವೋ ಅಂತ ನಮ್ಮ ಹುಡುಗಿಯರು ಕೇಳ್ತಾರೆ."

ಹೂವಿನ ವಾಸನೆಯ ಪುಡಿ ಹಾಕುವುದನ್ನು ನಿಲ್ಲಿಸಿದ್ದೇನೆ ಎಂದೆ. ಕಾರಣ ಕೇಳಿದರು. ಹೇಳುವುದಕ್ಕೆ ನನಗೆ ಸರಿಯಾಗಿ ಬರಲಿಲ್ಲ. ಗಿರಾಕಿಯ ಹತ್ತಿರ ಮಾತಾಡುವುದು ಅಣ್ಣನ ಕೆಲಸವಾಗಿತ್ತು. ತಡವರಿಸುತ್ತಲೇ ಹಿತ್ತಲಿಗೆ ಕರೆದುಕೊಂಡು ಹೋಗಿ ಗುಂಡಿ ತೋರಿಸಿದೆ. ಸತ್ತ ಜೊಂಡನ್ನು ಅವರು ಬಗ್ಗಿ ನೋಡಿದರು. ಬಾಗಿಲ ಹತ್ತಿರ ಹೋಗಿ ತಿರುಗಿ, "ಈ ತಿಂಗಳು ನೋಡೋಣ" ಎಂದರು. ಆ ಗಿರಾಕಿ ಕೈಬಿಟ್ಟರೆ ನಾನು ಅಂಗಡಿ ಮುಚ್ಚಬೇಕು. ಮೇಡಂ ಬೀಗ ಹಾಕುವ ತೊಂದರೆಯೂ ಇರುವುದಿಲ್ಲ.

ಮಾರ್ಚ್ 30, ಭಾನುವಾರ

ಮಾರ್ಕೆಟ್ಟಿನಲ್ಲಿ ಅತ್ತಿಗೆ ಕಂಡರು. ಈರುಳ್ಳಿ ಆರಿಸುತ್ತಿದ್ದರು. ನಾನು ಹತ್ತಿರ ಹೋಗುವಷ್ಟರಲ್ಲಿ ಆರಿಸಿದ್ದನ್ನೂ ಬಿಟ್ಟು ಆಚೆ ಸಾಲಿಗೆ ಹೋದರು. ಆ ಈರುಳ್ಳಿಯನ್ನು ನಾನು ತಂದೆ. ಚೆನ್ನಾಗಿ ಆರಿಸಿದ್ದರು.

ಇವತ್ತು ನನಗೆ ನಲವತ್ತೈದು ತುಂಬಿತು. ಯಾರಿಗೂ ಹೇಳಲಿಲ್ಲ. ಹೇಳದೆ ನೆನಪಿರುವವರು ಇಬ್ಬರೇ, ಇಬ್ಬರೂ ಮೇಲಿನ ಸೇತುವೆಯ ಹತ್ತಿರ ಇದ್ದಾರೆ.

ಏಪ್ರಿಲ್ 22, ಮಂಗಳವಾರ

ಕಳೆ ಕೀಳೋಣ ಎಂದು ಎರಡನೇ ಗುಂಡಿಗೆ ಇಳಿದೆ. ಒಣಗಿದ ಕಡ್ಡಿಗಳ ಬುಡದಲ್ಲಿ ಹಸಿರು ಮೊಳಕೆ. ಒಂದಲ್ಲ, ಸಾಲಿಗೆ ಸಾಲು. ಸತ್ತಂತೆ ಬಿದ್ದುಕೊಂಡು ಇಷ್ಟು ದಿನ ಜಲ್ಲಿಯ ಕೆಳಗೆ ಬೇರು ಬಿಡುತ್ತಿತ್ತು. ಇಸ್ತ್ರಿ ಅಕ್ಕನನ್ನು ಕೂಗಿದೆ. ಕೈಯಲ್ಲಿ ಯಾರದೋ ಅಂಗಿ ಹಿಡಿದುಕೊಂಡೇ ಬಂದು ಬಗ್ಗಿ ನೋಡಿ, "ಅಯ್ಯೋ ಇಷ್ಟೇನಾ, ನೀನು ಕೂಗಿದ ರೀತಿಗೆ ಹಾವು ಅಂದ್ಕೊಂಡೆ" ಎಂದರು. ಆಮೇಲೆ ಹೋಗದೆ ಅಲ್ಲೇ ನಿಂತಿದ್ದರು.

ಸಂಜೆ ಮೂರನೇ ಗುಂಡಿಯ ಅಂಚಿನಲ್ಲಿ ಒಂದು ಕಪ್ಪೆ ಕೂತಿತ್ತು. ಎಲ್ಲಿಂದ ಬಂತೋ. ಹಳ್ಳದಲ್ಲಿ ನಾನು ಚಿಕ್ಕವಳಿದ್ದಾಗ ನೋಡಿದ್ದು, ಆಮೇಲೆ ಕಂಡಿರಲಿಲ್ಲ. ನಾನು ಮೆಟ್ಟಿಲ ಮೇಲೆ ಕೂತೆ. ಅದೂ ಕೂತಿತ್ತು. ಕತ್ತಲಾಗುವವರೆಗೆ ಇಬ್ಬರೂ ಹಾಗೇ ಇದ್ದೆವು. ಮಾತಾಡುವ ಅಗತ್ಯ ಬೀಳಲಿಲ್ಲ.

ನರ್ಸಿಂಗ್ ಹೋಮಿನಿಂದ ಮುಂದಿನ ತಿಂಗಳ ಬಟ್ಟೆಯೂ ಬರುತ್ತದಂತೆ. ಬರೆಯಲು ಮರೆತಿದ್ದೆ.

ಮೇ 9, ಶುಕ್ರವಾರ

ನಲ್ಲಿ ನೀರು ದಿನ ಬಿಟ್ಟು ದಿನ ಆಗಿದೆ. ಬೀದಿಯ ಕೊನೆಯ ಲಾಂಡ್ರಿಯವರು ವಾರದಲ್ಲಿ ಮೂರು ದಿನ ಬಾಗಿಲು ಹಾಕುತ್ತಿದ್ದಾರೆ. ನನ್ನದು ನಡೆಯುತ್ತಿದೆ. ಬಂದ ಹೊಸ ನೀರೆಲ್ಲ ನರ್ಸಿಂಗ್ ಹೋಮಿಗೆ ಮೀಸಲು. ಮನೆಬಟ್ಟೆಗೆ ಡ್ರಮ್ಮಿನ ನೀರು, ಕೊನೆಗೆ ಜಾಲಿಸಲು ಮಾತ್ರ ಒಂದಿಷ್ಟು ಹೊಸದು. ನೆಲ ತೊಳೆಯಲು, ಕಾಲೊರಸುಗಳನ್ನು ನೆನೆಹಾಕಲು ಮೂರನೇ ಗುಂಡಿಯ ನೀರು. ಒಂದೇ ನೀರನ್ನು ಇಷ್ಟು ಸಲ ದುಡಿಸಬಹುದು ಎಂದು ತಿಳಿದಿರಲಿಲ್ಲ. "ಅದಕ್ಕೂ ವಾರಕ್ಕೊಂದು ರಜ ಕೊಡು" ಎಂದರು ಇಸ್ತ್ರಿ ಅಕ್ಕ.

ಅಣ್ಣನಿಗೆ ನೀರು ಸಾಲುತ್ತಿದೆಯೋ ಇಲ್ಲವೋ.

ಮೇ 18, ಭಾನುವಾರ

ಬುಧವಾರದಿಂದ ಜ್ವರ. ಅದೇ ಹೊತ್ತಿಗೆ ಮೊದಲನೇ ಗುಂಡಿ ಕಟ್ಟಿಕೊಂಡಿತು. ಬಟ್ಟೆಯಿಂದ ಉದುರುವ ನೂಲಿನ ಜುಂಗು ಕಂಬಳಿಯಂತೆ ಹೆಪ್ಪುಗಟ್ಟಿ ಪೈಪಿನ ಬಾಯಿ ಮುಚ್ಚಿತ್ತು. ನಾತ ಮೇಲಿನ ಕೋಣೆಗೂ ಬರುತ್ತಿತ್ತು. ಮಲಗಿದಲ್ಲೇ ಫೋನ್ ಎತ್ತಿಕೊಂಡೆ. ಅಣ್ಣನ ನಂಬರ್ ತೆಗೆದು ನೋಡುತ್ತಾ ಇದ್ದೆ. ಏನೆಂದು ಹೇಳುವುದು? ಜ್ವರ ಎಂದರೆ ಬರುತ್ತಾನೆ. ಬಂದರೆ ಅವನಿಗೂ ನಾತ ಬರುತ್ತದೆ. ನಾತ ಬಂದರೆ, ನಾನು ಹೇಳಿರಲಿಲ್ಲವಾ ಎನ್ನುತ್ತಾನೆ.

ಫೋನ್ ಕೆಳಗಿಟ್ಟೆ. ಶುಕ್ರವಾರ ಎದ್ದು ಗುಂಡಿಗಿಳಿದು ಜುಂಗನ್ನೆಲ್ಲ ಕೈಯಿಂದಲೇ ಎತ್ತಿ ಹಾಕಿದೆ. ಪೈಪಿನ ಬಾಯಿಗೆ ಹಳೆಯ ಸೊಳ್ಳೆಪರದೆಯನ್ನು ಎರಡು ಮಡಿಕೆ ಮಾಡಿ ಕಟ್ಟಿದೆ. ಇನ್ನು ವಾರಕ್ಕೊಮ್ಮೆ ಅದನ್ನು ಬಿಚ್ಚಿ ಕೊಡವಿದರೆ ಸಾಕು. ಇಸ್ತ್ರಿ ಅಕ್ಕ ಮನೆಯಿಂದ ಗಂಜಿ ತಂದಿದ್ದರು. ಅಂಗಿಗೆ ಹಾಕುವ ಗಂಜಿ ಇರಬಹುದೆಂದು ಮೊದಲು ಅನುಮಾನಪಟ್ಟೆ. ಕುಡಿದೆ.

ಜೂನ್ 11, ಬುಧವಾರ

ಬೆಳಿಗ್ಗೆ ಹಿತ್ತಲ ಬಾಗಿಲು ತೆಗೆದರೆ ಹಳ್ಳದ ತುಂಬ ನೊರೆ. ಬಿಳಿ ಬಿಳಿ ಗುಡ್ಡೆಗಳು ಕಲ್ಲಿಗೆ ತಗುಲಿ ನಿಂತು ಮತ್ತೆ ಬಿಡಿಸಿಕೊಂಡು ಹೋಗುತ್ತಿದ್ದವು. ಗುಂಡಿ ಎಲ್ಲೋ ಒಡೆದಿರಬೇಕು ಎಂದುಕೊಂಡು ಓಡಿ ನೋಡಿದೆ. ಮೂರನೆಯದರಲ್ಲಿ ನೀರು ತಿಳಿಯಾಗಿಯೇ ಇತ್ತು. ಕೈಯಿಂದ ಕಲಕಿದೆ. ನೊರೆ ಏಳಲಿಲ್ಲ.

ದಡ ಹಿಡಿದು ಮೇಲಕ್ಕೆ ನಡೆದೆ. ಮೇಲಿನ ಸೇತುವೆ ದಾಟಿದರೆ ತಗಡಿನ ಶೆಡ್ಡು, ಅದರ ಬೆನ್ನಿಂದ ಹಳ್ಳಕ್ಕೆ ಇಳಿಬಿಟ್ಟ ಬಿಳಿ ಪೈಪು. ಅಣ್ಣ ಆಚೆ ಬಯಲಿನಲ್ಲಿ ಹಗ್ಗಕ್ಕೆ ಲಾಡ್ಜಿನ ಹೊದಿಕೆಗಳನ್ನು ಹಾಕುತ್ತಿದ್ದ. ದೊಡ್ಡ ಹೊದಿಕೆಗೆ ಇಬ್ಬರು ಬೇಕು, ಒಂದೊಂದು ತುದಿಗೆ ಒಬ್ಬೊಬ್ಬರು. ಅವನು ಒಂದು ತುದಿ ಹಗ್ಗಕ್ಕೆ ಸಿಕ್ಕಿಸಿ, ಇನ್ನೊಂದು ತುದಿಗೆ ಓಡಿ, ಅಷ್ಟರಲ್ಲಿ ಮೊದಲನೆಯದು ಜಾರಿ, ಮತ್ತೆ ಓಡುತ್ತಿದ್ದ. ಬೆನ್ನು ಬಾಗಿದೆ. ತಲೆಯ ಹಿಂಭಾಗ ಪೂರ್ತಿ ನರೆತಿದೆ, ಮೊದಲೇ ನರೆತಿತ್ತೋ ಏನೋ.

ಕರೆಯದೆ ಬಂದುಬಿಟ್ಟೆ.

ಜೂನ್ 14, ಶನಿವಾರ

ಇವತ್ತು ಹೋಗಿ ಮಾತಾಡಿದೆ. ಅಣ್ಣ ಮೆಷಿನ್ನಿಂದ ತಲೆ ಎತ್ತಲಿಲ್ಲ.

"ಮೇಡಂ ಈ ತಿಂಗಳು ಬರ್ತಾರೆ" ಎಂದೆ. "ನೊರೆ ನನ್ನ ಹಿತ್ತಲವರೆಗೂ ಬರ್ತಿದೆ. ಸೋಪಾದರೂ ಕಡಿಮೆ ಹಾಕು. ಕೊನೇಲಿ ಜಾಲಿಸಿದ ನೀರು ಚೆಲ್ಲಬೇಡ, ಅದನ್ನ..."

"ನನಗೆ ಒಗೆಯೋದು ಹೇಳಿಕೊಡೋಕೆ ಬಂದ್ಯಾ?"

"ಇಲ್ಲ. ಹಳ್ಳದ ವಿಷಯ ಹೇಳೋಕೆ ಬಂದೆ."

"ಹಳ್ಳ ಏನು ನಿನ್ನಪ್ಪನ ಆಸ್ತಿಯಾ?"

"ನನ್ನಪ್ಪ, ನಿನ್ನಪ್ಪ ಬೇರೆ ಬೇರೇನಾ ಅಣ್ಣ?"

ತಗಡಿನ ಗೋಡೆಯ ಆಚೆ ಅತ್ತಿಗೆ ನಕ್ಕದ್ದು ಕೇಳಿಸಿತು. ನಕ್ಕು ಕೆಮ್ಮಿಗೆ ತಿರುಗಿಸಿಕೊಂಡರು. ಅಣ್ಣನ ಮುಖ ಇನ್ನಷ್ಟು ಗಂಟಾಯಿತು. ಮೆಷಿನ್ ಚಾಲೂ ಮಾಡಿದ. ಆ ಗದ್ದಲದಲ್ಲಿ ಇನ್ನೇನು ಮಾತು.

ಬರುವಾಗ ಶೆಡ್ಡಿನ ಹಿಂದೆ ಸಾಕಷ್ಟು ಖಾಲಿ ಜಾಗ ಇರುವುದನ್ನು ನೋಡಿದೆ. ಇಳಿಜಾರೂ ಹಳ್ಳದ ಕಡೆಗೇ ಇದೆ.

ಜೂನ್ 25, ಬುಧವಾರ

ಮೇಡಂ ಬಂದಿದ್ದರು. ಮೂರನೇ ಗುಂಡಿಯ ನೀರನ್ನು ಬಾಟಲಿಗೆ ಹಿಡಿದುಕೊಂಡರು. ಜೊಂಡು ಈಗ ನನ್ನ ಭುಜದೆತ್ತರ ಬಂದಿದೆ. ಅದರ ನಡುವೆ ಕೈ ತೂರಿಸಿ ನೋಡಿ ತಲೆದೂಗಿದರು. ಆಮೇಲೆ ಹಳ್ಳದ ಅಂಚಿಗೆ ಹೋಗಿ ನಿಂತರು.

"ಈ ನೊರೆ ನಿಮ್ಮದಲ್ಲ ಅಂತ ಕಾಣುತ್ತೆ" ಎಂದರು. "ಮೇಲೆ ಯಾರಿದ್ದಾರೆ?"

ನಾನು ಕೈ ಒರೆಸಿಕೊಂಡೆ. ಒರೆಸಲು ಏನೂ ಇರಲಿಲ್ಲ. ಗೊತ್ತಿಲ್ಲ ಎನ್ನಬಹುದಿತ್ತು. ಅವರು ಇವತ್ತು ಹುಡುಕುತ್ತಿರಲಿಲ್ಲ, ಹೊರಡಲು ಹೊತ್ತಾಗಿತ್ತು.

"ಮೇಲಿನ ಸೇತುವೆ ದಾಟಿದರೆ ಒಂದು ಶೆಡ್ ಇದೆ" ಎಂದೆ. "ನಮ್ಮಣ್ಣಂದು. ಬೀಗ ಹಾಕಬೇಡಿ, ನನಗೆ ಕೊಟ್ಟ ಹಾಗೆ ಅವರಿಗೂ ಸಮಯ ಕೊಡಿ."

ಮೇಡಂ ಬಾಟಲಿಗೆ ಚೀಟಿ ಅಂಟಿಸಿಕೊಂಡು ಕಾರು ಹತ್ತಿದರು. ಕೊಡುತ್ತೇನೆ ಎಂದು ಹೇಳಲಿಲ್ಲ.

ಒಡಹುಟ್ಟಿದವನನ್ನು ಹಿಡಿದುಕೊಟ್ಟೆ. ಇಸ್ತ್ರಿ ಅಕ್ಕನಿಗೆ ಹೇಳಿದರೆ ಅವರು ನನ್ನ ಮುಖ ನೋಡಿ ಸುಮ್ಮನಾದರು. ಅಕ್ಕ ಸುಮ್ಮನಾದದ್ದನ್ನು ನಾನು ಇದುವರೆಗೆ ನೋಡಿರಲಿಲ್ಲ.

ಜುಲೈ 2

ಅಣ್ಣನಿಗೆ ನೋಟಿಸು ಹೋಗಿದೆ. ವರ್ಷದ ಕೊನೆಯವರೆಗೆ ಸಮಯವಂತೆ.

ಜುಲೈ 3

ಸ್ಕೂಟರ್ ಸದ್ದಾದಾಗಲೆಲ್ಲ ಕಿಟಕಿಗೆ ಹೋಗುತ್ತೇನೆ. ಬೈಯಲಿಕ್ಕಾದರೂ ಬರಬಹುದಿತ್ತು.

ಜುಲೈ 24, ಗುರುವಾರ

ನೀರಿನ ಪರೀಕ್ಷೆಯಲ್ಲಿ ಪಾಸು. ಮೇಡಂ ಫೋನಿನಲ್ಲಿ ಹೇಳಿದರು. ಹಳೆಯ ಮೆಷಿನ್ನಿನ ಬೆಲ್ಟು ಹರಿದಿತ್ತು, ಅದನ್ನು ಹಾಕುವುದರಲ್ಲಿ ದಿನ ಹೋಯಿತು. ಲಾಡ್ಜಿನ ಹತ್ತಿರದ ಹೋಟೆಲ್ಲಿನವರು ಮೇಜುಬಟ್ಟೆ ಕೊಡುತ್ತೇವೆ ಎಂದಿದ್ದಾರೆ. ನಾಳೆ ಹೋಗಿ ಮಾತಾಡಬೇಕು.

ಜುಲೈ 27, ಭಾನುವಾರ

ಅಣ್ಣ ಬಂದಿದ್ದ, ಅತ್ತಿಗೆಯೂ.

ಬೈಯಲಿಲ್ಲ. ಒಳಗೆ ಬಂದು ಮೆಷಿನ್ ಮುಟ್ಟಿ ನೋಡಿದ, ಡ್ರಮ್ಮಿನ ಮುಚ್ಚಳ ತೆಗೆದು ನೋಡಿದ, ಹಿತ್ತಲಿಗೆ ಹೋಗಿ ಜೊಂಡಿನ ಮುಂದೆ ಸೊಂಟದ ಮೇಲೆ ಕೈಯಿಟ್ಟು ನಿಂತ. ಸಾಲು ಸೊಟ್ಟಗಿದೆ ಎನ್ನಲಿಲ್ಲ. ಚಹಾ ಕೊಟ್ಟೆ.

"ಆ ಶೆಡ್ ಬಿಟ್ಟುಬಿಡ್ತೀನಿ" ಎಂದ. "ನೀರಿಲ್ಲ, ಸಾಲದ್ದಕ್ಕೆ ನೋಟಿಸು. ಯಾರೋ ಹೋಗಿ ಹೇಳಿದ್ದಾರೆ."

"ನಾನೇ ಹೇಳಿದ್ದು" ಎಂದೆ.

ಅತ್ತಿಗೆ ಲೋಟ ಕೆಳಗಿಟ್ಟರು. ಅಣ್ಣ ಚಹಾದ ಕೆನೆಯನ್ನು ಬೆರಳಿನಿಂದ ಆಚೆ ತೆಗೆದ. "ಇರಲಿ" ಎಂದ. ಆಮೇಲೆ ಆ ಮಾತು ಆಡಿದ. "ಆದದ್ದಾಯ್ತು. ನಾಳೆಯಿಂದ ಇಲ್ಲಿಗೇ ಬರ್ತೀವಿ. ಮೊದಲಿನ ಹಾಗೇ. ನೀನೂ ಒಬ್ಬಳೇ ಎಷ್ಟು ಅಂತ ಒದ್ದಾಡ್ತೀಯ. ಕೊನೇ ಗುಂಡಿ ಒಂದನ್ನ ಮುಚ್ಚಿದ್ರೆ ಮೂರನೇ ಮೆಷಿನ್ ಇಡೋಕೆ ಜಾಗ ಆಗುತ್ತೆ. ಎಲ್ಲ ನಾನು ನೋಡ್ಕೋತೀನಿ."

ಫೆಬ್ರವರಿಯಿಂದ ನಾನು ಕಾದದ್ದು ಇದೇ ಮಾತಿಗೆ. ಒಂದೊಂದು ಅಕ್ಷರವೂ ಹೀಗೇ ಇರುತ್ತದೆ ಎಂದು ಗೊತ್ತಿತ್ತು.

"ಬೇಡ ಅಣ್ಣ" ಎಂದೆ.

ಯಾಕೆ ಹಾಗೆಂದೆನೋ. ಯೋಚಿಸಿ ಹೇಳಿದ್ದಲ್ಲ.

"ಈ ಜಾಗದಲ್ಲಿ ನನಗೂ ಪಾಲಿದೆ" ಎಂದ ಅಣ್ಣ. ದನಿ ಎತ್ತರಿಸಲಿಲ್ಲ, ಅದೇ ಕಷ್ಟವಾಯಿತು.

"ಇದೆ. ಪಾಲು ಕೇಳಿದ್ರೆ ಇಲ್ಲ ಅನ್ನಲ್ಲ. ಗುಂಡಿ ಮುಚ್ಚೋಕೆ ಬಿಡಲ್ಲ. ನಿನ್ನ ಶೆಡ್ ಹಿಂದೆ ಜಾಗ ಇದೆ, ನಾನು ನೋಡಿದ್ದೀನಿ. ಅಲ್ಲೇ ತೋಡು. ಜೊಂಡು ನಾನು ಕೊಡ್ತೀನಿ, ನೆಡೋಕೂ ಬರ್ತೀನಿ."

ಅಣ್ಣ ಚಹಾ ಮುಗಿಸದೆ ಎದ್ದು ಸ್ಕೂಟರಿನ ಕಡೆ ಹೋದ. ಅತ್ತಿಗೆ ಚಪ್ಪಲಿ ಮೆಟ್ಟುವ ನೆಪದಲ್ಲಿ ಹಿಂದೆ ಉಳಿದರು.

"ಎಷ್ಟು ಆಳ ತೋಡಬೇಕು?" ಎಂದು ಪಿಸುದನಿಯಲ್ಲಿ ಕೇಳಿದರು.

ತೊಡೆಯ ಹತ್ತಿರ ಕೈಯಿಟ್ಟು ತೋರಿಸಿದೆ. ಅವರೂ ತಮ್ಮ ತೊಡೆಯ ಹತ್ತಿರ ಕೈಯಿಟ್ಟು ನೋಡಿಕೊಂಡು ಹೋದರು.

ಅವರು ಹೋದ ಮೇಲೆ ಮೇಲೆ ಬಂದು ಖಾಲಿ ಕೋಣೆಯ ಬಾಗಿಲಲ್ಲಿ ನಿಂತೆ. ಬೆಳಿಗ್ಗೆ ಅದನ್ನು ಗುಡಿಸಿದ್ದೆ. ಹೂಂ ಎಂದಿದ್ದರೆ ನಾಳೆ ಅಲ್ಲಿ ಹಾಸಿಗೆ ಇರುತ್ತಿತ್ತು. ಆಮೇಲೆ ಬಿಕ್ಕಿ ಬಿಕ್ಕಿ ಅಳು ಬಂತು.

ಆಗಸ್ಟ್ 17, ಭಾನುವಾರ

ಮೂರು ವಾರ ಸುದ್ದಿಯಿರಲಿಲ್ಲ. ನಿನ್ನೆ ಅತ್ತಿಗೆ ಫೋನ್ ಮಾಡಿ, "ತೋಡಿ ಆಗಿದೆ, ಬಾ" ಎಂದು ಅಷ್ಟೇ ಹೇಳಿ ಇಟ್ಟರು.

ಬೆಳಿಗ್ಗೆ ಜೊಂಡಿನ ಬುಡ ಸೀಳಿ, ಒದ್ದೆ ಗೋಣಿಯಲ್ಲಿ ಸುತ್ತಿ, ಕೈಗಾಡಿಯಲ್ಲಿ ಹಾಕಿಕೊಂಡು ಹೋದೆ. ಶೆಡ್ಡಿನ ಹಿಂದೆ ಮೂರು ಗುಂಡಿ, ಅಂಚೆಲ್ಲ ದಾರ ಹಿಡಿದಂತೆ ನೇರ. ಅಣ್ಣನ ಅಂಗೈಗೆ ಬಟ್ಟೆ ಸುತ್ತಿತ್ತು. ಬಾ ಎನ್ನಲಿಲ್ಲ. ನಾನು ಗುಂಡಿಗಿಳಿದೆ, ಅವನೂ ಇಳಿದ. ಅತ್ತಿಗೆ ಮೇಲಿನಿಂದ ಒಂದೊಂದೇ ಬುಡ ಕೊಟ್ಟರು. ಅಣ್ಣ ಮೊದಲನೆಯದನ್ನು ಕುತ್ತಿಗೆಯವರೆಗೆ ಹೂಳಲು ಹೊರಟ.

"ಅಷ್ಟು ಆಳ ಬೇಡ" ಎಂದೆ.

ತೆಗೆದು ಮತ್ತೆ ನೆಟ್ಟ. ನನ್ನ ಕಡೆ ನೋಡಿದ. ಸರಿ ಎಂದು ತಲೆಯಾಡಿಸಿದೆ. ಆಮೇಲೆ ಮಧ್ಯಾಹ್ನದವರೆಗೆ ನೆಟ್ಟೆವು.

ಮೆಷಿನ್ ಪಕ್ಕದ ಸೋಪಿನ ಡಬ್ಬಿಯಲ್ಲಿ ಈಗ ಅಳತೆಯ ಲೋಟ ಇತ್ತು. ಕೈ ತೊಳೆಯುವಾಗ ಅವನು ಪಕ್ಕದಲ್ಲಿ ನಿಂತು, "ನಾಳೆ ನಿನ್ನ ಹತ್ರ ಎಷ್ಟು ಲೋಡ್ ಇದೆ?" ಎಂದು ಕೇಳಿದ.

"ನಾಲ್ಕು. ನಿನಗೆ?"

"ಎರಡೇ" ಎಂದ. "ಲಾಡ್ಜಿನಲ್ಲಿ ಈ ವಾರ ಜನ ಕಡಿಮೆ."

ಊಟಕ್ಕೆ ನಿಲ್ಲು ಎಂದರು ಅತ್ತಿಗೆ. ಸೊಳ್ಳೆಪರದೆ ಕೊಡವುವ ದಿನ, ಇನ್ನೊಂದು ಸಲ ಬರುತ್ತೇನೆ ಎಂದೆ. ಸ್ಕೂಟರಿನಲ್ಲಿ ಬಿಡುತ್ತೇನೆ ಎಂದ ಅಣ್ಣ. ಕೈಗಾಡಿ ಇತ್ತಲ್ಲ, ಬೇಡ ಎಂದೆ. ಸೇತುವೆಯವರೆಗೆ ಗಾಡಿಯನ್ನು ಅವನೇ ತಳ್ಳಿಕೊಂಡು ಬಂದು, ಅಲ್ಲಿ ನನ್ನ ಕೈಗೆ ಕೊಟ್ಟು ತಿರುಗಿ ಹೋದ.

ದಡದ ಮೇಲೆ ಒಬ್ಬಳೇ ಬಂದೆ. ಹಳ್ಳದಲ್ಲಿ ನೊರೆ ನನ್ನ ಜೊತೆಜೊತೆಗೇ ಬರುತ್ತಿತ್ತು, ಮೊದಲಿಗಿಂತ ತೆಳ್ಳಗೆ.